ಮಸಾಯಿ ಮಾರಾಗೆ ಯಾವ ಲೆನ್ಸ್ ಒಯ್ಯಲಿ?

ಪ್ರಶ್ನೆ (ಬಳ್ಳಾರಿ):
ಆಗಸ್ಟ್‌ನಲ್ಲಿ ಕೀನ್ಯಾದ ಮಸಾಯಿ ಮಾರಾಗೆ ಕಾಡುಪ್ರಾಣಿಗಳ ಫೋಟೋ ತೆಗೆಯೋಕೆ ಹೊರಟಿದ್ದೇನೆ. ನೈರೋಬಿಯಿಂದ ಸಣ್ಣ ವಿಮಾನ, ಕ್ಯಾಮೆರಾ ಸೇರಿ 15 ಕೆಜಿ ಅಷ್ಟೇ. ಕ್ರಾಪ್ ಸೆನ್ಸರ್, ಅಂದ್ರೆ ಚಿಕ್ಕ ಸೆನ್ಸರ್ ಇರೋ ಕ್ಯಾಮೆರಾ ಬಾಡಿ ಇದೆ. 100-400 ಎಂಎಂ ಜೂಮ್ ಲೆನ್ಸ್ ಸಾಕಾ, 150-600 ಬಾಡಿಗೆಗೆ ತರಲಾ? ಟ್ರೈಪಾಡ್ ಬೇಕಾ? ಮನೆಯವರು ಈಗಲೇ "ನಿಮ್ಮ ಬಟ್ಟೆ ಎಲ್ಲಿಡ್ತೀರಿ?" ಅಂತಿದ್ದಾರೆ.

ಉತ್ತರ (ಸಂಡೂರು):
100-400 ಸಾಕು ಸರ್. ಕ್ರಾಪ್ ಬಾಡಿಯಲ್ಲಿ 400 ಅಂದ್ರೆ ಸುಮಾರು 600ರ ನೋಟ. ನಮ್ಮ ದರೋಜಿ ಕರಡಿಧಾಮದಲ್ಲಿ ಕರಡಿ ದೂರದ ಬಂಡೆ ಮೇಲಿರುತ್ತೆ, ಅಲ್ಲಿಗೆ ಉದ್ದದ ಲೆನ್ಸ್ ಬೇಕು. ಮಾರಾದಲ್ಲಿ ನಮ್ಮ ಜೀಪಿನ ನೆರಳಿಗೇ ಸಿಂಹ ಬಂದು ಮಲಗಿತ್ತು. ನನ್ನ ಹತ್ತಿರ ಬರೀ ದೊಡ್ಡ ಲೆನ್ಸ್. ಫೋಟೋದಲ್ಲಿ ಮೂತಿ ಮೇಲಿನ ನೊಣ ಬಂತು, ಸಿಂಹ ಬರಲಿಲ್ಲ!

ಟ್ರೈಪಾಡ್ ಬಿಡಿ, ಜೀಪಿನಲ್ಲಿ ಅದರ ಕಾಲು ಹರಡೋಕೆ ಜಾಗ ಎಲ್ಲಿ? ಲೆನ್ಸ್ ಊರಿಡೋಕೆ ಹಳೇ ಜೀನ್ಸ್ ಕಾಲು ಕತ್ತರಿಸಿ ಚೀಲ ಹೊಲಿಸಿ, ಜಿಪ್ ಹಾಕಿಸಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋರನ್ನ ಹುಡುಕಬೇಕಾ? ಖಾಲಿ ಒಯ್ದು ಅಲ್ಲೇ ಅಕ್ಕಿ ತುಂಬಿಸಿಕೊಳ್ಳಿ. ಧೂಳಿನಲ್ಲಿ ಮಾತ್ರ ಲೆನ್ಸ್ ಬದಲಿಸಬೇಡಿ. ಅದಿರು ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಜಾಸ್ತಿ ಹೇಳಬೇಕಿಲ್ಲ, ಅಲ್ವಾ?

ಉತ್ತರ (ರಾಯಚೂರು):
ಕ್ಯಾಮೆರಾಗೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಸುತ್ತಿಕೊಂಡು ಹೋಗಬೇಡಿ, 2017ರಿಂದ ಅಲ್ಲಿ ನಿಷೇಧ. ದಿಂಬಿನ ಕವರ್ ಸಾಕು. ಬ್ಯಾಟರಿ ಕೈಚೀಲದಲ್ಲೇ ಇರಲಿ. ಅಲ್ಲಿನ ಪ್ಲಗ್‌ಗೆ ಚಪ್ಪಟೆ ಮೂರು ಪಿನ್, ಅಡಾಪ್ಟರ್ ಮರೀಬೇಡಿ.

ಬಳ್ಳಾರಿ:
ಚೀಲ ಹೊಲಿಯೋಕೆ ಕೊಟ್ಟು ಬಂದೆ. ಟೈಲರ್ "ಇನ್ನೊಂದು ಕಾಲು ಏನ್ಮಾಡ್ಲಿ?" ಅಂದ.