ತೊಗರಿ ಹೊಲದಾಗಿನ ಮಣ್ಣಗುಂಪಿ ಯಾರದು?

ಭೀಮಾತೀರ: ಯಾರೋ ಜೇವರ್ಗಿ ಕಡೆ ತೊಗರಿ ಹೊಲದ ಫೋಟೊ ಹಾಕಿ ‘ಇದು ಮೋಲ್ (ನೆಲದಾಗ ತೋಡಿ ಬದುಕೋ ಸಣ್ಣ ಪ್ರಾಣಿ) ಎಬ್ಬಿಸಿದ ಮಣ್ಣು’ ಅಂತ ಬರದಾರ. ಅಲ್ರಿ. ಭಾರತದಾಗ ಮೋಲ್ ಇರೋದು ಡಾರ್ಜಿಲಿಂಗ್, ಸಿಕ್ಕಿಂ, ಅಸ್ಸಾಂ, ಮೇಘಾಲಯದ ಕಡೆ. ದಖ್ಖನದಾಗ ಇಲ್ಲ.

ಸಗರನಾಡು: ಹಂಗಾರ ಸುಂಡಿಲಿ ಇರಬೇಕು. ಅದೂ ಮೋಲ್ ಬಳಗದ್ದೇ ಅಲ್ರಿ?

ಕಾರಂಜಾ: ಬಳಗ ಖರೆ. ಎರಡೂ ಯೂಲಿಪೊಟಿಫ್ಲಾ ಗಣದವು. ಸುಂಡಿಲಿ ಸೊರಿಸಿಡೆ ಕುಟುಂಬ, ಮೋಲ್ ಟಾಲ್ಪಿಡೆ. ಆದ್ರ ಮೋಲಿನ ಮುಂಗಾಲು ಅಗಲ, ಅಂಗೈ ಹೊರಗ ತಿರುಗಿರ್ತದ, ಹೆಬ್ಬೆರಳಿನ ಬಾಜೂಕ ಇನ್ನೊಂದು ಎಲುಬು ಬೆಳದಿರ್ತದ. ಸುಂಡಿಲಿಗೆ ಇವು ಯಾವೂ ಇಲ್ಲ. ಕಲ್ಲಿನ ಸಂದಿ, ಮೋರಿ, ಬ್ಯಾರೆಯವರ ಬಿಲ, ಅಲ್ಲೇ ಅದರ ವಾಸ. ಆ ಗುಂಪಿ ಹೆಗ್ಗಣದ್ದು. ಅಗದು ನೋಡ್ರಿ, ಒಳಗ ಜೋಳದ ತೆನಿ ಕೂಡಿಟ್ಟಿದ್ರ ಅನುಮಾನ ಬ್ಯಾಡ.

ಸಗರನಾಡು: ಮನ್ಯಾಗ ಸಿಕ್ಕಿದ್ದು ಇಲಿಮರಿನೋ ಸುಂಡಿಲಿನೋ ಹೆಂಗ ತಿಳಿಬೇಕು?

ಭೀಮಾತೀರ: ಮೂತಿ ಚೂಪು, ಕಣ್ಣು ಸಾಸವಿಯಷ್ಟು, ಬಾಲದ ಬುಡ ದಪ್ಪ, ಅದರ ಮ್ಯಾಲ ಅಲ್ಲಲ್ಲಿ ಉದ್ದ ಕೂದಲ. ಸತ್ತದ್ದಿದ್ರ ಕೈಗವಸು ಹಾಕ್ಕೊಂಡು ಬಾಯಿ ತಗದು ನೋಡ್ರಿ. ಇಲಿಗೆ 16 ಹಲ್ಲು, ಮುಂದಿನ ಬಾಚಿಹಲ್ಲಿಗೂ ದವಡಿಹಲ್ಲಿಗೂ ನಡುವ ಖಾಲಿ ಜಾಗ. ಸುಂಡಿಲಿಗೆ 30, ಸಾಲು ಹತ್ತಿಕೊಂಡೇ ಇರ್ತದ. ನಾರೋದು ಪಕ್ಕೆಯ ಗ್ರಂಥಿಯಿಂದ.

ಸಗರನಾಡು: ಕೀಟಾಹಾರಿ ಅಂತ ಹಳೇ ಪುಸ್ತಕದಾಗ ಒಂದೇ ಗಣ ಇತ್ತು. ಸಾಲ್ಯಾಗ ಹುಡುಗರಿಗೆ ಕಲಿಸಾಕ ಅಷ್ಟು ಸಾಲದೇನು?

ಕಾರಂಜಾ: ಸಾಲದು. ಮೋಲಿನಂಗ ಕಾಣೋ ಆಫ್ರಿಕಾದ ಗೋಲ್ಡನ್ ಮೋಲ್, ಮಡಗಾಸ್ಕರದ ಟೆನ್ರೆಕ್ ಅನ್ನೋ ಸಣ್ಣ ಪ್ರಾಣಿ ಅದರಾಗ ಸೇರಿದ್ದವು. ಡಿಎನ್‌ಎ ನೋಡಿದ್ರ ಅವು ಆನಿಯ ಬಳಗ. ನೆಲದಾಗ ತೋಡೋ ಬದುಕು ಎರಡು ಕಡೆ ಒಂದೇ ಥರದ ಮೈ ಮಾಡ್ಯದ. ರೂಪ ನೋಡಿ ಕಲಿಸಿದ್ರ ಹುಡುಗರು ಇದನ್ನೇ ತಪ್ಪು ತಿಳೀತಾರ.

ಸಗರನಾಡು: ಇದನ್ನ ಒಪ್ಪಿದೆ. ಆದ್ರ ಕಾಳಿನ ಖೋಲ್ಯಾಗ ಸುಂಡಿಲಿ ಬಂದ್ರ ಪಾಷಾಣ ಇಡಬೇಕಲ್ರಿ?

ಭೀಮಾತೀರ: ಬ್ಯಾಡ್ರಿ. ಅದರ ಊಟ ಜಿರಲಿ, ಹುಳ. ಪಾಷಾಣ ಹೆಗ್ಗಣಕ್ಕ: 96 ಪಾಲು ನುಚ್ಚು, 2 ಎಣ್ಣಿ, 2 ಜಿಂಕ್ ಫಾಸ್ಫೈಡ್. ಮೊದಲು ಎರಡು ದಿನ ವಿಷ ಇಲ್ಲದ ನುಚ್ಚು ಹಾಕಿ ರೂಢಿ ಮಾಡ್ರಿ. ಇಲ್ದಿದ್ರ ಒಂದೆರಡು ಕಾಳು ರುಚಿ ನೋಡಿ, ಸಾಯದೆ ಉಳದು, ಆಮ್ಯಾಲ ಮುಟ್ಟೋದಿಲ್ಲ. ಸಂಜಿಗೆ ಬಿಲ ಮುಚ್ಚಿ, ಮುಂಜಾನೆ ತೆರದಿದ್ದಕ್ಕ ಮಾತ್ರ ವಿಷದ ನುಚ್ಚು 10 ಗ್ರಾಂ ಒಳಗ ಹಾಕಿ ಬಾಯಿ ಮುಚ್ಚ್ರಿ. ಸುಂಡಿಲಿಗೆ ಬಾಗಿಲ ತಳದ ಸಂದಿ, ಮೋರಿ ಬಾಯಿಗೆ ಸಣ್ಣ ಕಣ್ಣಿನ ಜಾಳಿಗಿ ಸಾಕು.