ಸರಳವಾಗಿ ಬದುಕಿದರೆ ನೆಮ್ಮದಿ ಸಿಗುತ್ತದೆಯೇ?

ತೋಟದಮನೆ, ತೀರ್ಥಹಳ್ಳಿ:
ಬೆಂಗಳೂರಿನ ಕೆಲಸ ಬಿಟ್ಟು ಆಗುಂಬೆ ರಸ್ತೆಯ ನಮ್ಮೂರಿಗೆ ಬಂದು ಇದು ಮೂರನೆಯ ಮಳೆಗಾಲ. ಕಾರು ಮಾರಿದೆ, ಟಿವಿ ಇಲ್ಲ. ಬೆಳಿಗ್ಗೆ ಹಂಡೆಯ ಒಲೆಗೆ ಅಡಿಕೆ ಸೋಗೆ ತುರುಕಿ ಎದುರು ಕೂರುತ್ತೇನೆ. ಮಳೆಯ ತಂಪಿಗೆ ಮೆತ್ತಗಾದ ಸೋಗೆ ಮೊದಲು ಬರೀ ಹೊಗೆಯಾಡುತ್ತದೆ, ಆಮೇಲೆ ಚಟಪಟ ಎನ್ನುತ್ತದೆ, ಒಮ್ಮೆಲೇ ಧಗ್ಗನೆ ಹತ್ತಿಕೊಳ್ಳುತ್ತದೆ. ಅಷ್ಟು ಹೊತ್ತು ಮನಸ್ಸು ಎಲ್ಲಿಗೂ ಓಡುವುದಿಲ್ಲ. ಮಧ್ಯಾಹ್ನ ಅನ್ನ, ಒಂದೆಲಗದ ತಂಬುಳಿ. ವರ್ಷಗಟ್ಟಲೆ ನಿದ್ದೆಗೆಟ್ಟಿದ್ದವನು ಈಗ ಒಂಬತ್ತಕ್ಕೆ ಮಲಗುತ್ತೇನೆ. ನೆಮ್ಮದಿಗೆ ಬೇಕಾದದ್ದು ಬಹಳ ಕಡಿಮೆ. ನೀವೇನು ಹೇಳುತ್ತೀರಿ?

ಸಾಗರದ ಸೊಸೆ:
ಅಣ್ಣ, ನಿಮಗೆ ನಿದ್ದೆ ಬಂದದ್ದು ಸಂತೋಷ. ಆದರೆ ಆ ಒಂದೆಲಗವನ್ನು ತೋಟದಿಂದ ಕಿತ್ತು, ಮಣ್ಣು ಹೋಗುವಂತೆ ತೊಳೆದು, ಅರೆದವರು ಯಾರು? ಸರಳ ಜೀವನವೆಂದು ನಮ್ಮ ಮಾವ ಮಿಕ್ಸಿ ತರಿಸಿರಲಿಲ್ಲ. ಒರಳು ತಿರುಗಿಸಿದ್ದು ಅತ್ತೆ, ಆಮೇಲೆ ನಾನು. ಮಿಕ್ಸಿ ಬಂದ ದಿನ ಅತ್ತೆ ಜಗುಲಿಯಲ್ಲಿ ಕೂತು ಮಳೆ ನೋಡಿದರು. ಹಗಲಲ್ಲಿ ಅವರು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಗೇಣಿದಾರನ ಮೊಮ್ಮಗ:
ಅಕ್ಕನ ಮಾತಿಗೆ ನನ್ನದೂ ಸೇರಿಸಿಕೊಳ್ಳಿ. ನಮ್ಮ ಅಜ್ಜನಿಗೆ ಇದ್ದದ್ದು ಎರಡು ಪಂಚೆ, ಒಂದು ಕಂಬಳಿ. ಅದನ್ನು ಯಾರೂ ಸರಳ ಬದುಕು ಎಂದು ಹೊಗಳಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಒಡೆಯರು ಗೇಣಿಯ ಭತ್ತ ಅಳೆಯುವ ಕೊಳಗದ ಅನ್ಯಾಯಕ್ಕೆ. ಕೊಳಗ ದೊಡ್ಡದಾದಷ್ಟೂ ಒಕ್ಕಲಿನ ಮನೆಯ ಗಂಜಿ ತೆಳ್ಳಗಾಗುತ್ತಿತ್ತು. 1974ರ ಭೂಸುಧಾರಣೆಯ ನಂತರ ಪಹಣಿಯಲ್ಲಿ ತನ್ನ ಹೆಸರು ಕಂಡ ಮೇಲೆಯೇ ಅಜ್ಜ ನಿಶ್ಚಿಂತೆಯಿಂದ ಮಲಗಿದ್ದು. ಪಂಚೆ ಆಗಲೂ ಎರಡೇ ಇದ್ದವು.

ಹೊಸನಗರದ ಕೃಷಿಕ:
ಬಿಡುವಿಲ್ಲದೆ ಮಳೆ ಹೊಡೆದು, ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು ಆಗದೆ, ಕೊಳೆ ರೋಗಕ್ಕೆ ಎಳೆ ಅಡಿಕೆ ಉದುರುವಾಗ ಯಾವ ಒಲೆಯ ಮುಂದೆ ಕೂತರೂ ಸಮಾಧಾನವಿಲ್ಲ. ಹಾಗೆಂದು ತೋಟದಮನೆಯವರ ಮಾತನ್ನು ತಳ್ಳಿಹಾಕಲಾರೆ. ಅಕ್ಕಪಕ್ಕದವರೆಲ್ಲ ಗದ್ದೆಗೆ ಮಣ್ಣು ಏರಿಸಿ ಅಡಿಕೆ ಹಾಕಿದಾಗ ನಾನು ಸಾಲ ಮಾಡಲಿಲ್ಲ, ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡೆ. ಆದಾಯ ಕಡಿಮೆ, ನಿಜ. ಆದರೆ ಪೇಟೆಯ ಧಾರಣೆ ಬಿದ್ದ ದಿನವೂ ಮನೆಯ ಅಕ್ಕಿಯ ಅನ್ನ ಉಣ್ಣುತ್ತೇನೆ.

ತೋಟದಮನೆ, ತೀರ್ಥಹಳ್ಳಿ:
ಅಕ್ಕ, ತಂಬುಳಿ ಮಾಡುವುದು ನನ್ನ ಹೆಂಡತಿ. ನಿಮ್ಮ ಪ್ರಶ್ನೆ ಓದಿದ ಮೇಲೆ ಅವಳನ್ನು ಕೇಳಿದೆ. ಕಾರು ಮಾರುವಾಗ ತನ್ನನ್ನು ಕೇಳಲಿಲ್ಲ ಎಂದಳು. ಈಗ ತವರಿಗೆ ಎರಡು ಬಸ್ ಹಿಡಿಯಬೇಕು, ಕಳೆದ ಮಳೆಗಾಲದಲ್ಲಿ ಅವಳು ಹೋಗಲೇ ಇಲ್ಲ. ನನಗದು ಹೊಳೆದಿರಲಿಲ್ಲ, ನಾಚಿಕೆಯಾಯಿತು. ಆದರೂ ಒಲೆಯ ಮುಂದಿನ ಆ ಅರ್ಧ ಗಂಟೆ ಸುಳ್ಳಲ್ಲ. ಅದನ್ನು ಬಿಟ್ಟುಕೊಡಲಾರೆ.

ಸಾಗರದ ಸೊಸೆ:
ಬಿಡಬೇಡಿ. ನಾಳೆ ಅಲ್ಲಿ ಅವರು ಕೂರಲಿ, ಒಂದೆಲಗ ನೀವು ತನ್ನಿ. ಬೇರು ಕೀಳಬೇಡಿ, ಎಲೆ ಮಾತ್ರ ಚಿವುಟಿ, ಮತ್ತೆ ಚಿಗುರುತ್ತದೆ.