ಹಳೇ ಲಾರಿ ಗೇರ್ ಬಾಕ್ಸ್‌ಗೆ ಯಾವ ಆಯಿಲ್: 90 ಹಾಕಬೇಕಾ, 140 ಹಾಕಬೇಕಾ?

ದಾವಣಗೆರೆ ಲೋಡ್

ಟಾಟಾ 1613, 2004ರ ಮಾಡೆಲ್, ಐದು ಗೇರ್, ಸಿಂಕ್ರೋ (ಗೇರ್ ಬೀಳುವಾಗ ವೇಗ ಹೊಂದಿಸೋ ರಿಂಗ್) ಇರೋ ಬಾಕ್ಸ್. ಸೆಕೆಂಡ್ ಹ್ಯಾಂಡ್ ಗಾಡಿ, ಕಂಪನಿ ಪುಸ್ತಕ ಸಿಕ್ಕಿಲ್ಲ. ಎಪಿಎಂಸಿಯಿಂದ ಮೆಕ್ಕೆಜೋಳ ತುಂಬ್ಕೊಂಡು ಹೈವೇಲಿ ಓಡೋದು. ಬೆಳಿಗ್ಗೆ ಮೊದಲ ನಾಲ್ಕೈದು ಕಿಲೋಮೀಟರ್ ಎರಡನೇ ಗೇರ್ ಭಾಳ ಬಿಗಿ. ಬಿಸಿ ಆದ ಮೇಲೆ ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ ಅಂತೈತಿ. ಒಳಗೆ ಈಗ ಯಾವ ಆಯಿಲ್ ಐತೋ ಗೊತ್ತಿಲ್ಲ. ಅಂಗಡಿಯವರು 85ಡಬ್ಲ್ಯೂ-140 ಜಿಎಲ್-5 ಒಂದೇ ಬಕೆಟ್ ತಗೊಳ್ರಿ, ಬಾಕ್ಸ್‌ಗೂ ಹೌಸಿಂಗ್‌ಗೂ (ಹಿಂದಿನ ಆಕ್ಸಲ್) ಆಗ್ತದೆ ಅಂತಾರೆ. ಹಾಕಬಹುದಾ?

ದುರ್ಗದ ಫಿಟ್ಟರ್

ಹೌಸಿಂಗ್‌ಗೆ ಹಾಕಿ, ಬಾಕ್ಸ್‌ಗೆ ಬೇಡ. ನಿಮ್ಮ ಬಾಕ್ಸ್‌ಗೆ 80ಡಬ್ಲ್ಯೂ-90 ಜಿಎಲ್-4.

ಎಲ್ಲರೂ 90, 140 ಅಂತ ದಪ್ಪದ ನಂಬರ್ ನೋಡ್ತಾರೆ, ಅದರ ಪಕ್ಕದ ಜಿಎಲ್, ಅಂದರೆ ಒತ್ತಡ ತಡೆಯೋ ದರ್ಜೆ, ನೋಡಲ್ಲ. ಸಿಂಕ್ರೋ ಬಾಕ್ಸ್‌ನಲ್ಲಿ ಹೆಚ್ಚು ಕೆಡಿಸೋದು ಅದೇ. ಹೌಸಿಂಗ್‌ನಲ್ಲಿ ಕ್ರೌನ್-ಪಿನಿಯನ್ ಹಲ್ಲುಗಳು ಉರುಳೋದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡಕ್ಕೆ ಆಯಿಲ್ ಪದರ ಹರಿದುಹೋದರೂ ಲೋಹ ಲೋಹಕ್ಕೆ ಅಂಟಬಾರದು ಅಂತ ಜಿಎಲ್-5ರಲ್ಲಿ ಗಂಧಕ, ರಂಜಕದ ರಾಸಾಯನಿಕ ಜಾಸ್ತಿ ಇರುತ್ತೆ. ಜಿಎಲ್-4ರಲ್ಲಿ ಅದು ಹೆಚ್ಚುಕಡಿಮೆ ಅರ್ಧ.

ಸಿಂಕ್ರೋ ರಿಂಗ್ ಕೆಲಸ ಇದಕ್ಕೆ ಉಲ್ಟಾ. ಅದು ಗೇರ್‌ನ ಕೋನ್ ಮೇಲೆ ಉಜ್ಜಿ, ಹಿಡಿದು, ಎರಡರ ವೇಗ ಒಂದು ಮಾಡಬೇಕು. ಆಯಿಲ್ ವಿಪರೀತ ಜಾರಿದರೆ ರಿಂಗ್ ಹಿಡಿಯಲ್ಲ, ವೇಗ ಒಂದಾಗೋಕೆ ಮುಂಚೆ ಹಲ್ಲು ಹಲ್ಲಿಗೆ ಬಡಿಯುತ್ತೆ. ನಿಮ್ಮ "ಕರ್" ಅದೇ ಇರಬಹುದು. ಜೊತೆಗೆ ರಿಂಗ್ ಹಿತ್ತಾಳೆಯದಾಗಿದ್ದರೆ ಬಿಸಿಯಲ್ಲಿ ಗಂಧಕ ಅದನ್ನ ತಿನ್ನುತ್ತೆ. ಈಗಿನ ಒಳ್ಳೇ ಜಿಎಲ್-5ರಲ್ಲಿ ಹಿತ್ತಾಳೆ ಕಾಪಾಡೋ ರಾಸಾಯನಿಕ ಸೇರಿಸ್ತಾರೆ ನಿಜ, ಆದರೂ ಜಾರುವ ಗುಣ ಹೋಗಲ್ಲ. ಕ್ಯಾನ್ ಮೇಲೆ "ಜಿಎಲ್-4/ಜಿಎಲ್-5" ಅಂತ ಎರಡೂ ಬರೆದಿದ್ದರೆ, ಸಿಂಕ್ರೋ ಬಾಕ್ಸ್‌ಗೆ ಆಗುತ್ತೆ ಅಂತ ಅದೇ ಲೇಬಲ್‌ನಲ್ಲಿ ಇಲ್ಲದೆ ತಗೋಬೇಡಿ.

ಹಿರಿಯೂರು ಹೈವೇ

ಬೆಳಿಗ್ಗೆ ಬಿಗಿ ಅಂದ್ರಲ್ಲ, ಒಳಗೆ ಈಗಾಗಲೇ 140 ಇರೋ ಹಾಗಿದೆ. ಹಳೇ ಬಾಕ್ಸ್ ಸದ್ದು ಮುಚ್ಚೋಕೆ ಮಾರೋರು 140 ಹಾಕಿ ಕೊಡೋದು ಮಾಮೂಲು. ಬೇರಿಂಗ್ ಕೂಗು ಕಮ್ಮಿ ಕೇಳುತ್ತೆ, ಸವೆತ ಹಾಗೇ ನಡೀತಿರುತ್ತೆ. ದಪ್ಪ ಆಯಿಲ್ ತಣ್ಣಗಿದ್ದಾಗ ಗೇರ್‌ಗಳನ್ನ ಎಳೆದು ಹಿಡಿಯುತ್ತೆ, ಸಿಂಕ್ರೋ ಅದನ್ನೂ ಗೆಲ್ಲಬೇಕು. ಮೇನ್ ಶಾಫ್ಟ್ ಮೇಲಿನ ಸೂಜಿ ಬೇರಿಂಗ್‌ಗಳಿಗೆ ಬೇಗ ತಲುಪೋದೂ ಇಲ್ಲ.

ನಂಬರ್ ಬಗ್ಗೆ ಇನ್ನೊಂದು. 100 ಡಿಗ್ರಿ ಬಿಸಿಯಲ್ಲಿ 90 ಅಂದರೆ 13.5ರಿಂದ 18.5 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ), 140 ಅಂದರೆ 24ರಿಂದ 32.5. ಎಂಜಿನ್ ಆಯಿಲ್ ಅಳತೆಯೇ ಬೇರೆ: 40 ನಂಬರ್ ಎಂಜಿನ್ ಆಯಿಲ್ 12.5ರಿಂದ 16.3. ಅಂದರೆ ಗೇರ್ ಆಯಿಲ್ 90 ಮತ್ತು ಎಂಜಿನ್ ಆಯಿಲ್ 40 ಬಿಸಿಯಲ್ಲಿ ಹತ್ತಿರಹತ್ತಿರ ಒಂದೇ ದಪ್ಪ. "90 ಅಂದ್ರೆ 40ರ ಎರಡರಷ್ಟು" ಅನ್ನೋದು ತಪ್ಪು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೂ 90 ಸಾಕು. 80ಡಬ್ಲ್ಯೂ, 85ಡಬ್ಲ್ಯೂ ವ್ಯತ್ಯಾಸ ಸೊನ್ನೆಗಿಂತ ಕೆಳಗಿನ ಚಳಿಯದ್ದು, ಇಲ್ಲಿ ಅದಕ್ಕೆ ತಲೆಕೆಡಿಸ್ಕೋಬೇಡಿ.

ಆಯಿಲ್‌ಗೆ ದುಡ್ಡು ಹಾಕೋ ಮುಂಚೆ ಕ್ಲಚ್ ನೋಡಿ. ಗಾಡಿ ನಿಲ್ಲಿಸಿ, ಎಂಜಿನ್ ಸ್ಲೋದಲ್ಲಿ ಬಿಟ್ಟು, ಕ್ಲಚ್ ಪೂರ್ತಿ ತುಳಿದು ಐದಾರು ಸೆಕೆಂಡ್ ತಡೆದು ರಿವರ್ಸ್ ಹಾಕಿ. ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೋ ಇರಲ್ಲ. ಅಷ್ಟು ಹೊತ್ತು ಬಿಟ್ಟ ಮೇಲೂ ಕರ್ ಅಂದರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಪೆಡಲ್ ಫ್ರೀ ಪ್ಲೇ (ಕ್ಲಚ್ ಕೆಲಸ ಶುರು ಮಾಡೋ ಮುಂಚಿನ ಪೆಡಲ್ ಸಡಿಲ), ಕ್ಲಚ್ ಸಿಲಿಂಡರ್ ಸೋರಿಕೆ ನೋಡಿ. ಅದು ಕೆಟ್ಟಿದ್ದರೆ ಯಾವ ಆಯಿಲ್ ಹಾಕಿದರೂ ಗೇರ್ ಕೂಗೇ ಕೂಗುತ್ತೆ.

ದಾವಣಗೆರೆ ಲೋಡ್

ಈಗಲೇ ನೋಡಿದೆ ಅಣ್ಣಾ, ರಿವರ್ಸ್ ಸದ್ದಿಲ್ಲದೆ ಬೀಳ್ತೈತಿ. ಹಂಗಾದ್ರೆ ಆಯಿಲ್ ಬದಲಿಸ್ತೀನಿ. ಒಳಗೆ ಸೀಮೆಎಣ್ಣೆ ಹಾಕಿ ತೊಳೀಬೇಕಾ? ಎಷ್ಟು ಲೀಟರ್ ಹಿಡಿಸ್ತೈತಿ?

ದುರ್ಗದ ಫಿಟ್ಟರ್

ಸೀಮೆಎಣ್ಣೆ, ಡೀಸೆಲ್ ಎರಡೂ ಬೇಡ. ಬೇರಿಂಗ್ ಸಂದಿ, ತಳದ ಮೂಲೆಯಲ್ಲಿ ಉಳಿದುಕೊಂಡು ಹೊಸ ಆಯಿಲ್ ತೆಳು ಮಾಡುತ್ತೆ.

ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಪಕ್ಕದಲ್ಲಿರೋ ಲೆವೆಲ್ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನ ಡ್ರೈನ್ ಪ್ಲಗ್. ಈ ಕ್ರಮ ತಪ್ಪಬೇಡಿ: ಖಾಲಿ ಮಾಡಿದ ಮೇಲೆ ಮೇಲಿನ ಪ್ಲಗ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತ್ಕೊಳ್ಳುತ್ತೆ. ಪೂರ್ತಿ ಇಳಿಯೋಕೆ ಅರ್ಧ ಗಂಟೆ ಬಿಡಿ.

ಡ್ರೈನ್ ಪ್ಲಗ್‌ನ ಆಯಸ್ಕಾಂತಕ್ಕೆ ಅಂಟಿದ್ದನ್ನ ಒರೆಸೋ ಮುಂಚೆ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆ ಕೆಸರು ಸಹಜ ಸವೆತ. ಚೂರು, ಚಕ್ಕೆ ಸಿಕ್ಕರೆ ಹಲ್ಲು ಇಲ್ಲವೇ ಬೇರಿಂಗ್ ಒಡೀತಿದೆ, ಬಾಕ್ಸ್ ಇಳಿಸಲೇಬೇಕು. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟಲ್ಲ, ಅದನ್ನ ಇಳಿದ ಆಯಿಲ್‌ನಲ್ಲಿ ಬಿಸಿಲಿಗೆ ಹಿಡಿದು ನೋಡಬೇಕು. ಚಿನ್ನದ ಪುಡಿ ಥರ ಮಿಂಚಿದರೆ ಸಿಂಕ್ರೋ ರಿಂಗ್ ಸವೆದಿದೆ. ಮಜ್ಜಿಗೆ ಬಣ್ಣ ಇದ್ದರೆ ನೀರು ಸೇರಿದೆ.

ಲೀಟರ್ ಲೆಕ್ಕ ಬಾಕ್ಸ್ ಮೇಲಿನ ಪ್ಲೇಟ್ ನೋಡಿಯೇ ಹೇಳಬೇಕು, ಬಾಯಿಲೆಕ್ಕ ನಂಬಬೇಡಿ. ಲೆವೆಲ್ ಪ್ಲಗ್ ತೂತಿಂದ ಆಯಿಲ್ ಸಣ್ಣಗೆ ತೊಟ್ಟಿಕ್ಕೋ ತನಕ ತುಂಬಿ, ನಿಂತ ಮೇಲೆ ಮುಚ್ಚಿ. ಪ್ಲಗ್ ವಾಷರ್ ಹೊಸದು ಹಾಕಿ. ಜಾಸ್ತಿ ತುಂಬಿದರೆ ನೊರೆ ಬಂದು ಬಿಸಿಯಾಗುತ್ತೆ, ಮುಂದಿನ ಸೀಲ್ ದಾಟಿ ಕ್ಲಚ್ ಪ್ಲೇಟ್ ಮೇಲೆ ಬಿದ್ದರೆ ಕ್ಲಚ್ ಸ್ಲಿಪ್ ಶುರು.

ಇಳಿದದ್ದು ಜಿಎಲ್-5 ಅಂತ ಅನುಮಾನ ಇದ್ದರೆ ಜಿಎಲ್-4 ತುಂಬಿ ಸುಮಾರು 500 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಸಿಬಿಸಿ ಇಳಿಸಿ. ಆ ಒಂದು ಸಲದ ಆಯಿಲ್ ದುಡ್ಡು ದಂಡ ಅಂದ್ಕೋಬೇಡಿ, ಬಾಕ್ಸ್ ಬಿಚ್ಚಿದರೆ ಖರ್ಚು ಅದರ ಎಷ್ಟೋ ಪಟ್ಟು.

ಭೀಮಸಮುದ್ರ ಟಿಪ್ಪರ್

ಬ್ರೀದರ್ ಯಾರೂ ಹೇಳಲಿಲ್ಲ. ಬಾಕ್ಸ್ ಮೇಲಿನ ಕವರ್‌ನಲ್ಲಿ ಇರ್ತದೆ. ಅದಿರು ಧೂಳು, ಮೆಕ್ಕೆಜೋಳದ ಹೊಟ್ಟು ಕೂತು ಮುಚ್ಚಿಹೋದರೆ ಒಳಗಿನ ಬಿಸಿಗಾಳಿ ಹೊರಹೋಗೋಕೆ ದಾರಿ ಇಲ್ಲದೆ ಆಯಿಲನ್ನ ಸೀಲ್ ಕಡೆಗೆ ತಳ್ತದೆ. ಜನ ಸೀಲ್ ಮೇಲೆ ಸೀಲ್ ಬದಲಿಸ್ತಾರೆ, ಸೋರೋದು ನಿಲ್ಲಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗ ಬಿಚ್ಚಿ ಊದಿ ಹಾಕ್ರಿ.

ಟಿಪ್ಪರ್‌ನವರು ಓದ್ತಿದ್ದರೆ: ಬಾಕ್ಸ್‌ಗೆ ಪಿಟಿಒ (ಟಿಪ್ಪರ್ ಎತ್ತೋ ಪಂಪ್‌ಗೆ ಬಾಕ್ಸ್‌ನಿಂದ ಶಕ್ತಿ ಕೊಡೋ ಗೇರ್) ಕೂತಿದ್ದರೆ ಅದೂ ಸ್ವಲ್ಪ ಆಯಿಲ್ ಹಿಡೀತದೆ. ತುಂಬಿ, ಪಿಟಿಒ ಹಾಕಿ ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ ಲೆವೆಲ್ ಮತ್ತೆ ನೋಡ್ರಿ. ಸಿಂಕ್ರೋ ಇಲ್ಲದ ಬಾಕ್ಸ್ ಆದರೆ ಲೆಕ್ಕ ಬೇರೆ, ಕೆಲವಕ್ಕೆ ಕಂಪನಿ ಎಂಜಿನ್ ಆಯಿಲೇ ಹೇಳಿರ್ತದೆ. ಪ್ಲೇಟ್ ನಂಬರ್ ಓದಿ ಡೀಲರ್ ಹತ್ರ ಕೇಳ್ರಿ.

ದಾವಣಗೆರೆ ಲೋಡ್

ಗ್ಯಾರೇಜ್‌ನಲ್ಲಿ ಹೌಸಿಂಗ್‌ಗೂ ಬಾಕ್ಸ್‌ಗೂ ಒಂದೇ ಹ್ಯಾಂಡ್ ಪಂಪ್. ಒಳಗೆ ಉಳಿದ 140 ಏನಾದ್ರೂ ತೊಂದ್ರೆ ಮಾಡ್ತದಾ?

ದುರ್ಗದ ಫಿಟ್ಟರ್

ಪೈಪ್‌ನಲ್ಲಿ ಉಳಿದ ನಾಲ್ಕು ಚಮಚದಿಂದ ಏನೂ ಆಗಲ್ಲ. ಪಂಪ್ ತುದಿಯಲ್ಲಿ ಮೆತ್ತಿರೋ ಮರಳು ಬೇರಿಂಗ್ ತಿನ್ನುತ್ತೆ. ತುದಿ ಒರೆಸಿ, ಮೊದಲು ಅರ್ಧ ಲೀಟರ್ ಹೊಸ 90 ಪಂಪ್ ಮಾಡಿ ಹೊರಗೆ ಚೆಲ್ಲಿ, ಆಮೇಲೆ ಬಾಕ್ಸ್‌ಗೆ ಹಚ್ಚಿ.